ಬಣ್ಣ ಬಿಡಿ, ಕಾಳು ನೋಡಿ

ಅಕ್ವೇರಿಯಂ ತಳಕ್ಕೆ ಏನು ಹಾಸಲಿ ಎಂದು ಕೇಳಿದರೆ ಅಂಗಡಿಯವರು ಬಣ್ಣ ತೋರಿಸುತ್ತಾರೆ. ನನ್ನ ಕೇಳಿದರೆ ಬಣ್ಣ ಆಮೇಲಿನ ಮಾತು, ಮೊದಲು ನೋಡಬೇಕಾದ್ದು ಕಾಳಿನ ಗಾತ್ರ. ಮೀನಿನ ಹಿಕ್ಕೆ, ಕೊಳೆತ ಎಲೆ, ಉಳಿದ ಆಹಾರ ಎಲ್ಲಿ ಹೋಗಿ ಕೂರಬೇಕೆಂದು ತೀರ್ಮಾನಿಸುವುದು ಅದೇ.

ಒತ್ತಾಗಿ ಕೂತ ಕಾಳುಗಳ ಸಂದಿಯಲ್ಲಿ, ಕಾಳಿನ ವ್ಯಾಸದ ಸುಮಾರು ಏಳನೇ ಒಂದು ಭಾಗಕ್ಕಿಂತ ಸಣ್ಣ ಕಣ ನುಸುಳಬಲ್ಲದು. 4 ಮಿ.ಮೀ. ಜಲ್ಲಿಯಲ್ಲಿ ಅರ್ಧ ಮಿ.ಮೀ. ಕಸ ಸಲೀಸಾಗಿ ಕೆಳಗಿಳಿಯುತ್ತದೆ. ಅರ್ಧ ಮಿ.ಮೀ. ಮರಳಿನಲ್ಲಿ ಅದೇ ಕಸ ಮೇಲೆಯೇ ಬಿದ್ದಿರುತ್ತದೆ. ನೋಡುವುದಕ್ಕೆ ಜಲ್ಲಿ ಚೊಕ್ಕಟ, ಮರಳು ಗಲೀಜು. ಆದರೆ ಕಣ್ಣಿಗೆ ಬೀಳುವ ಗಲೀಜನ್ನು ತೆಗೆಯುವುದು ಸುಲಭ, ಜಲ್ಲಿಯ ಬುಡ ಸೇರಿದ್ದು ಅಲ್ಲೇ ಕೊಳೆಯುತ್ತದೆ.

ಹಾಗೆಂದು ಮರಳನ್ನು ಬರೀ ಜರಡಿ ಎನ್ನಬೇಡಿ. ಸಂದಿಗಿಂತ ಎಷ್ಟೋ ಪಟ್ಟು ಸಣ್ಣದಾದ ಜೇಡಿ ಕಣವೂ ಒಳಹೊಕ್ಕ ಮೇಲೆ ಸಿಕ್ಕಿಬೀಳುತ್ತದೆ. ಕಾಳುಗಳ ನಡುವೆ ನೀರು ತೆವಳುತ್ತಾ ಸಾಗುವಾಗ ತುಸು ತೂಕದ ಕಣ ಕಾಳಿನ ನೆತ್ತಿಯ ಮೇಲೆ ಇಳಿಯುತ್ತದೆ. ತೀರಾ ಸಣ್ಣದು ನೀರಿನ ಅಣುಗಳ ಹೊಡೆತಕ್ಕೆ ಅತ್ತಿತ್ತ ಓಲಾಡಿ ಕಾಳಿಗೆ ಅಂಟುತ್ತದೆ. ಇಳಿಯಲು ಹಗುರ, ಓಲಾಡಲು ಭಾರ ಎನಿಸುವ ಸುಮಾರು 1 ಮೈಕ್ರಾನ್ ಕಣವೇ ಹಿಡಿಯಲು ಕಷ್ಟ. 1829ರಲ್ಲಿ ಜೇಮ್ಸ್ ಸಿಂಪ್ಸನ್ ಲಂಡನ್ನಿನ ಚೆಲ್ಸಿಯಲ್ಲಿ ಥೇಮ್ಸ್ ನೀರನ್ನು ಸೋಸಿದ್ದೂ ಇಂಥ ಮರಳಿನಲ್ಲೇ.

ಹೊಸ ಮರಳು ಹಾಕಿದ ದಿನ ನೀರು ರಾಡಿಯಾದರೆ ಗಾಬರಿ ಬೇಡ. 50 ಮೈಕ್ರಾನಿನ ಮಣ್ಣುಕಣ ನಿಂತ ನೀರಿನಲ್ಲಿ ಒಂದಡಿ ಇಳಿಯಲು ಎರಡು ನಿಮಿಷ ಚಿಲ್ಲರೆ ಸಾಕು. 2 ಮೈಕ್ರಾನಿನದಕ್ಕೆ ಹೆಚ್ಚುಕಡಿಮೆ ಇಡೀ ದಿನ ಬೇಕು. ಪಂಪ್ ಓಡುತ್ತಿದ್ದರೆ ಇನ್ನೂ ತಡ.

ಸೈಫನ್ ಪೈಪನ್ನು ಜಲ್ಲಿಯೊಳಕ್ಕೆ ಚುಚ್ಚಿ. ಮರಳಿನಲ್ಲಾದರೆ ಬೆರಳಗಲ ಮೇಲೆ ಹಿಡಿದು ಆಡಿಸಿ, ಕಸವಷ್ಟೇ ಎದ್ದು ಬರುತ್ತದೆ. ಮರಳು ತೀರಾ ದಪ್ಪ ಬೇಡ. ಆಮ್ಲಜನಕ ತಲುಪದ ಕಡೆ ಗಾಜಿನಂಚಿನಲ್ಲಿ ಕಪ್ಪು ಕಲೆ ಕಾಣುತ್ತದೆ, ಕೆದಕಿದರೆ ಕೊಳೆತ ಮೊಟ್ಟೆಯ ನಾತ. ಉಳುವ ಕೆಲಸಕ್ಕೆ ಟ್ರಂಪೆಟ್ ಬಸವನಹುಳು ಬಿಡಿ. ಹಗಲೆಲ್ಲ ಮರಳಿನೊಳಗೆ ಹೂತು ಕಸ ಮೇಯುತ್ತವೆ. ಅವು ಲೆಕ್ಕಕ್ಕೆ ಸಿಗದಷ್ಟು ಹೆಚ್ಚಿದರೆ ಹುಳುವನ್ನು ಬೈಯಬೇಡಿ. ನೀವು ಮೀನಿಗೆ ಆಹಾರ ಜಾಸ್ತಿ ಸುರಿಯುತ್ತಿದ್ದೀರಿ.