ಪಹರೆ ನಿಂತವನ ಕಥೆ

1799ರ ಮಾರ್ಚ್ 6ರಂದು ಕೊಡಗಿನ ಗಡಿಯ ಸಿದ್ದೇಶ್ವರದ ಬಳಿ ಟಿಪ್ಪುವಿನ ದಂಡಿಗೆ ಎದುರಾದದ್ದು ಈಸ್ಟ್ ಇಂಡಿಯಾ ಕಂಪನಿಯ ಬೊಂಬಾಯಿ ಸೈನ್ಯ. ಜನರಲ್ ಜೇಮ್ಸ್ ಸ್ಟುವರ್ಟನ ಕೈಕೆಳಗೆ ಕಣ್ಣೂರಿನಿಂದ ಘಟ್ಟ ಹತ್ತಿ ಬಂದ ಆ ಪಡೆಯಲ್ಲಿ ಬಿಳಿಯರ ಜೊತೆಗೆ ನಮ್ಮ ನೆಲದ ಸಿಪಾಯಿಗಳೂ ಇದ್ದರು. ಎರಡು ತಿಂಗಳು ತುಂಬುವ ಮೊದಲೇ, ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು. ಊರು ಲೂಟಿಯಾಯಿತು. ಮರುದಿನದಿಂದ ಆ ಓಣಿಗಳಲ್ಲಿ ಬಂದೂಕು ಹಿಡಿದು ಪಹರೆ ನಿಂತ ಸಿಪಾಯಿ ಏನು ಕಂಡ? ಯಾವ ಮನೆಯ ಬಾಗಿಲು ತಟ್ಟಿದ? ಆ ಊರಿನ ಮಾತು ಅವನಿಗೆ ಎಷ್ಟು ತಿಳಿಯಿತು? ಇದಕ್ಕೆ ಸಾಹಿತ್ಯದಲ್ಲಿ ಸಿಕ್ಕ ಹೆಸರಾಂತ ಉತ್ತರ ಇಂಗ್ಲಿಷಿನದು. ವಿಲ್ಕಿ ಕಾಲಿನ್ಸನ ‘ದಿ ಮೂನ್‌ಸ್ಟೋನ್’ (1868) ಕಾದಂಬರಿ ಆರಂಭವಾಗುವುದೇ ಶ್ರೀರಂಗಪಟ್ಟಣದ ಲೂಟಿಯಲ್ಲಿದ್ದ ಸೈನ್ಯಾಧಿಕಾರಿಯೊಬ್ಬನ ಬರಹದಿಂದ. ಸಿಪಾಯಿಗೆ ಅಲ್ಲಿಯೂ ಮಾತಿಲ್ಲ, ನಮ್ಮ ದೊಡ್ಡ ಕೃತಿಗಳಲ್ಲಿಯೂ ಇಲ್ಲ.

ಕನ್ನಡದ ಯುದ್ಧಕಥನಕ್ಕೆ ಸಾವಿರ ವರ್ಷಗಳ ಹಿರಿಮೆ ಇದೆ. ವೀರನನ್ನು, ದೊರೆಯನ್ನು, ಸೋತವನನ್ನು ಅದು ಬಲ್ಲದು. ಗೆದ್ದ ಊರಿನಲ್ಲಿ ಅಪ್ಪಣೆಯ ಮೇಲೆ ಉಳಿದುಕೊಂಡ ಸಾಮಾನ್ಯ ಸೈನಿಕನನ್ನು ಮಾತ್ರ ಅದು ಒಳಗೆ ಬಿಟ್ಟುಕೊಂಡಿಲ್ಲ. ನಾಳಿನ ಯುದ್ಧದ ಕಥೆ ಬರೆಯಲು ಹೊರಡುವ ಕನ್ನಡ ಲೇಖಕ ಮೊದಲು ತುಂಬಬೇಕಾದ ಕೊರತೆ ಇದು.

ಭವಿಷ್ಯದ ಯುದ್ಧವನ್ನು ಕಲ್ಪಿಸಿ ಬರೆಯುವ ಪರಂಪರೆ ಪಶ್ಚಿಮದಿಂದ ಬಂದದ್ದೆಂದು ನಾವು ಸುಲಭವಾಗಿ ನಂಬಿದ್ದೇವೆ. ಕಲ್ಕತ್ತೆಯ ಕೈಲಾಸಚಂದ್ರ ದತ್ತ 1835ರಲ್ಲೇ, 1945ರಲ್ಲಿ ಬ್ರಿಟಿಷರ ವಿರುದ್ಧ ಏಳುವ ದಂಗೆಯೊಂದನ್ನು ಊಹಿಸಿ ಇಂಗ್ಲಿಷಿನಲ್ಲಿ ಕಥೆ ಬರೆದಿದ್ದ. ಅದಾದ 36 ವರ್ಷಗಳ ಮೇಲೆ, 1871ರಲ್ಲಿ, ಜಾರ್ಜ್ ಚೆಸ್ನಿಯ ‘ದಿ ಬ್ಯಾಟಲ್ ಆಫ್ ಡಾರ್ಕಿಂಗ್’ ಬಂತು. ಜರ್ಮನರು ಇಂಗ್ಲೆಂಡಿಗೆ ನುಗ್ಗಿ ಗೆದ್ದರೆ ಏನಾಗುತ್ತದೆಂದು ಮುದುಕನೊಬ್ಬ ಮೊಮ್ಮಕ್ಕಳಿಗೆ ಹೇಳುವ ಕಥೆ ಅದು. ಬರೆದವನು ಭಾರತದಲ್ಲಿ ಸೇವೆ ಮಾಡಿದ್ದ ಸೈನ್ಯದ ಇಂಜಿನಿಯರು. ಬೇರೆಯವರ ನೆಲದಲ್ಲಿ ಆಳುವವನಾಗಿ ಇದ್ದವನು ತನ್ನ ನೆಲ ಬೇರೆಯವರ ಪಾಲಾಗುವ ಭಯವನ್ನು ಬರೆದ. ಎಚ್. ಜಿ. ವೆಲ್ಸ್ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ (1898) ಕಾದಂಬರಿಯ ಮೊದಲಲ್ಲೇ ಟಾಸ್ಮೇನಿಯಾದ ಮೂಲನಿವಾಸಿಗಳಿಗೆ ಯುರೋಪಿಯನ್ನರು ಮಾಡಿದ್ದನ್ನು ನೆನಪಿಸಿ, ಮಂಗಳ ಗ್ರಹದವರನ್ನು ಇಂಗ್ಲೆಂಡಿನ ಮೇಲೆ ಇಳಿಸಿದ. ಆದರೂ ಈ ಎಲ್ಲ ಕಥೆಗಳೂ ದಾಳಿಗೆ ಒಳಗಾದವರ ಕಡೆಯವು. ದಾಳಿ ಮಾಡಿದವನ ಎದೆಯೊಳಗೆ ಅವು ಇಳಿಯಲಿಲ್ಲ.

ಆ ಕೆಲಸ ಬಲವಾಗಿ ನಡೆದದ್ದು ವಿಯೆಟ್ನಾಂ ಯುದ್ಧದ ಕಾಲದಿಂದ ಈಚೆಗೆ. ಉರ್ಸುಲಾ ಲೆ ಗ್ವಿನ್ 1972ರಲ್ಲಿ ಪ್ರಕಟಿಸಿದ ‘ದಿ ವರ್ಡ್ ಫಾರ್ ವರ್ಲ್ಡ್ ಈಸ್ ಫಾರೆಸ್ಟ್’ ಕೃತಿಯ ಮೊದಲ ಅಧ್ಯಾಯವೇ ಕ್ಯಾಪ್ಟನ್ ಡೇವಿಡ್‌ಸನ್ನನ ತಲೆಯೊಳಗಿನಿಂದ ನಡೆಯುತ್ತದೆ. ಬೇರೊಂದು ಗ್ರಹದ ಕಾಡು ಕಡಿಯಲು ಬಂದ ಭೂಮಿಯ ಸೈನ್ಯಾಧಿಕಾರಿ ಅವನು. ತಾನು ಮಾಡುತ್ತಿರುವುದು ನ್ಯಾಯವೆಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿಲ್ಲ. ಓದುಗನಿಗೆ ಉಸಿರು ಕಟ್ಟುವುದು ಆ ನಿಸ್ಸಂಶಯದಿಂದಲೇ. ಎರಡು ವರ್ಷದ ಮೇಲೆ ಬಂದ ‘ದಿ ಫಾರೆವರ್ ವಾರ್’ ಬರೆದ ಜೋ ಹಾಲ್ಡ್‌ಮನ್ ಸ್ವತಃ ವಿಯೆಟ್ನಾಮಿನಲ್ಲಿ ಹೋರಾಡಿ ಗಾಯಗೊಂಡವನು. ಅವನ ಸೈನಿಕ ಮಂಡೆಲ್ಲಾ ಬೆಳಕಿನ ವೇಗದ ಸಮೀಪದಲ್ಲಿ ಪಯಣಿಸುವುದರಿಂದ ಅವನಿಗೆ ಕೆಲವೇ ವರ್ಷ ಕಳೆದಾಗ ಭೂಮಿಯಲ್ಲಿ ಶತಮಾನಗಳು ಕಳೆದಿರುತ್ತವೆ. ಸಾವಿರ ವರ್ಷ ಮೀರಿದ ಯುದ್ಧ ಆರಂಭವಾದದ್ದೇ ಒಂದು ತಪ್ಪು ತಿಳಿವಳಿಕೆಯಿಂದ ಎಂದು ಕೊನೆಗೆ ಗೊತ್ತಾಗುತ್ತದೆ. ಆರ್ಸನ್ ಸ್ಕಾಟ್ ಕಾರ್ಡ್‌ನ ‘ಎಂಡರ್ಸ್ ಗೇಮ್’ (1985) ಕಾದಂಬರಿಯ ಹುಡುಗ ತರಬೇತಿಯ ಆಟವೆಂದು ನಂಬಿ ಒಂದು ಜೀವಕುಲವನ್ನೇ ಅಳಿಸಿಹಾಕುತ್ತಾನೆ.

ಈ ಪಂಥದ ಸಾಧನೆ ದೊಡ್ಡದು. ಯುದ್ಧವನ್ನು ಧ್ವಜ, ಕಹಳೆಗಳಿಂದ ಬಿಡಿಸಿ ಅಪ್ಪಣೆ, ಬೇಸರ, ಭಯ, ಅಭ್ಯಾಸಗಳ ಲೋಕಕ್ಕೆ ಅದು ತಂದಿತು. ಒಳ್ಳೆಯ ಮನುಷ್ಯನೊಬ್ಬ ಕ್ರೂರ ಕೆಲಸವನ್ನು ದಿನದ ಡ್ಯೂಟಿಯಂತೆ ಮಾಡಿ ಮುಗಿಸುವುದು ಹೇಗೆಂದು ತೋರಿಸಿತು. ಅದರ ದೋಷವೂ ಅಷ್ಟೇ ದೊಡ್ಡದು. ಬಹುಪಾಲು ಕೃತಿಗಳಲ್ಲಿ ಸೈನಿಕನ ಪಶ್ಚಾತ್ತಾಪವೇ ಕಥೆಯನ್ನು ನುಂಗಿಬಿಡುತ್ತದೆ. ಸತ್ತವರು ಅವನ ನೋವಿಗೆ ಕಾರಣವಾಗಿ ಉಳಿಯುತ್ತಾರೆಯೇ ಹೊರತು ಹೆಸರು, ಮನೆ, ಜಗಳ, ಹಬ್ಬಗಳಿರುವ ಜನರಾಗುವುದಿಲ್ಲ. ಲೆ ಗ್ವಿನ್ ಈ ಬಲೆಯಿಂದ ತಪ್ಪಿಸಿಕೊಂಡಳು. ಡೇವಿಡ್‌ಸನ್ನನ ಎದುರಿಗೆ ಸೆಲ್ವರ್ ಎಂಬ ಕಾಡಿನವನನ್ನು, ಅವನ ಕನಸುಗಳನ್ನು, ಅವನ ಕೈಗೂ ಅಂಟುವ ರಕ್ತವನ್ನು ಸಮನಾಗಿ ನಿಲ್ಲಿಸಿದಳು. ಆಕೆಯ ಪುಸ್ತಕ ಈ ಪಂಥದಲ್ಲೇ ಎತ್ತರದ್ದಾಗಿರುವುದಕ್ಕೆ ಅದೇ ಕಾರಣ.

ಈ ಅಳತೆಗೋಲು ಹಿಡಿದು ನಮ್ಮ ಕಡೆ ನೋಡೋಣ. ಪಂಪ ಕವಿಯೂ ಹೌದು, ಕಲಿಯೂ ಹೌದು. ಗೆಲ್ಲುವ ಪಕ್ಷದ ಅರ್ಜುನನನ್ನು ತನ್ನ ದೊರೆ ಅರಿಕೇಸರಿಯ ಜೊತೆ ಒಂದಾಗಿಸಿ 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ ಬರೆದವನು, ಮನಸ್ಸನ್ನು ಮಾತ್ರ ಕರ್ಣನಿಗೆ ಕೊಟ್ಟ. ರನ್ನನ ದುರ್ಯೋಧನ ಹೆಣಗಳ ನಡುವೆ ನಡೆಯುತ್ತ ತನ್ನವರಿಗೆ ಅಳುತ್ತಾನೆ, ಶತ್ರುಪಕ್ಷದ ಅಭಿಮನ್ಯುವಿನ ಶೌರ್ಯಕ್ಕೂ ಕೈಮುಗಿಯುತ್ತಾನೆ. ಸೋತವನ ಎದೆಯನ್ನು ಹೀಗೆ ತೆರೆದ ಭಾಷೆಗಳು ವಿರಳ. ನಮ್ಮ ವೀರಗಲ್ಲುಗಳು ಕೂಡ ತುರು ಹೊಡೆದುಕೊಂಡು ಹೋಗಲು ಬಂದವರನ್ನು ಎದುರಿಸಿ ಸತ್ತವರ ಕಲ್ಲುಗಳೇ ಹೆಚ್ಚು. ಕಲ್ಲಿನಲ್ಲಿ ಸ್ಥಾನ ಸಿಗುವುದು ಊರು ಕಾದವನಿಗೆ. ಊರಿಗೆ ನುಗ್ಗಿದವನೂ ಯಾರದೋ ಮಗನಾಗಿದ್ದ, ಯಾರದೋ ಮಾತಿಗೆ ಹೊರಟು ಬಂದಿದ್ದ ಎಂಬುದು ಅಲ್ಲಿಲ್ಲ.

ಕುವೆಂಪು 1931ರಲ್ಲಿ ಬರೆದ ‘ಶ್ಮಶಾನ ಕುರುಕ್ಷೇತ್ರಂ’ ಈ ದಿಕ್ಕಿನಲ್ಲಿ ಮೊದಲ ದೊಡ್ಡ ಹೆಜ್ಜೆ. ಮಹಾಭಾರತದ ಗೆಲುವನ್ನು ಅವರು ಸುಡುಗಾಡಿನಲ್ಲಿ ನಿಂತು ನೋಡಿದರು. ಇತಿಹಾಸ ಲೆಕ್ಕಕ್ಕಿಡದ ಸೈನಿಕರ ಮನೆಯವರ ಗೋಳನ್ನು ರಾಜರ ಗೋಳಿನ ಪಕ್ಕಕ್ಕೆ ತಂದರು. ಗೆದ್ದವರಿಗೆ ಗೆಲುವು ದಕ್ಕಲಿಲ್ಲವೆಂಬ ಅರಿವು ಅಲ್ಲಿ ಗಾಢವಾಗಿದೆ. ಆದರೆ ಅದು ಸತ್ತ ಸೈನಿಕನ ನಾಟಕ. ಬದುಕಿ ಉಳಿದು, ಗೆದ್ದ ಊರಿನಲ್ಲಿ ಕೆಲಸ ಮುಂದುವರಿಸಬೇಕಾದವನದು ಬೇರೆ ನಾಟಕ.

ಆಕ್ರಮಿಸಿಕೊಂಡವನ ಒಳಗನ್ನು ನೇರವಾಗಿ ಹೊಕ್ಕ ಕನ್ನಡದ ಕೃತಿ ಪಿ. ಲಂಕೇಶರ ‘ಗುಣಮುಖ’ (1993). 1739ರಲ್ಲಿ ದಿಲ್ಲಿಯನ್ನು ಗೆದ್ದು, ಅಲ್ಲಿ ಕೊಲೆ ಸುಲಿಗೆ ನಡೆಸಿದ ನಾದಿರ್ ಶಾ ಕಾಯಿಲೆ ಬೀಳುತ್ತಾನೆ. ಹೊಗಳುವವರಿಂದ ವಾಸಿಯಾಗದ ರೋಗಕ್ಕೆ ಹಕೀಮ ಅಲಾವಿಖಾನನ ನಿರ್ಭಯವೇ ಮದ್ದಾಗುತ್ತದೆ. ಅಧಿಕಾರವನ್ನು ಒಂದು ರೋಗವಾಗಿ ನೋಡಿದ ಲಂಕೇಶರ ದಿಟ್ಟತನಕ್ಕೆ ಸಾಟಿ ಕಡಿಮೆ. ಗಿರೀಶ ಕಾರ್ನಾಡರ ‘ಟಿಪ್ಪು ಸುಲ್ತಾನ ಕಂಡ ಕನಸು’ ಬೇರೊಂದು ದಾರಿ ಹಿಡಿಯಿತು. ಭಾರತದ ಸ್ವಾತಂತ್ರ್ಯದ 50ನೆಯ ವರ್ಷಕ್ಕೆಂದು ಬಿಬಿಸಿ ರೇಡಿಯೋಗಾಗಿ ರೂಪುಗೊಂಡ ಈ ನಾಟಕದಲ್ಲಿ ಗೆದ್ದ ಕಂಪನಿಯ ಕರ್ನಲ್ ಮೆಕೆಂಜಿ, ಸೋತ ಆಸ್ಥಾನದ ಇತಿಹಾಸಕಾರ ಕಿರ್ಮಾನಿಯ ಜೊತೆ ಕುಳಿತು ಟಿಪ್ಪುವಿನ ಕಥೆ ಕೆದಕುತ್ತಾನೆ. ಊರನ್ನು ಗೆದ್ದವನು ಊರಿನ ನೆನಪನ್ನೂ ತನ್ನ ವಶ ಮಾಡಿಕೊಳ್ಳುವ ಬಗೆ ಆ ಮಾತುಕತೆಯಲ್ಲಿ ಸೂಕ್ಷ್ಮವಾಗಿ ಬಂದಿದೆ. ಎರಡೂ ನಾಟಕಗಳನ್ನು ಮೆಚ್ಚುತ್ತಲೇ ಒಂದು ಮಾತು ಹೇಳಬೇಕು: ಒಂದರಲ್ಲಿರುವವನು ಶಹನ್‌ಶಾ, ಇನ್ನೊಂದರಲ್ಲಿ ಕರ್ನಲ್. ಅಪ್ಪಣೆ ಕೊಡುವವರಿಬ್ಬರಿಗೂ ನಮ್ಮ ರಂಗಭೂಮಿ ಮಾತು ಕೊಟ್ಟಿದೆ, ಅಪ್ಪಣೆ ಪಾಲಿಸುವವನಿಗೆ ಕೊಟ್ಟಿಲ್ಲ.

ಇಂಥವನು ನಮ್ಮ ಅನುಭವಕ್ಕೆ ಹೊರಗಿನವನಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ತುರ್ಕರಿಂದ ಕಿತ್ತುಕೊಂಡ ಅಶ್ವದಳದಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಕಾರ್ಮೆಲ್ ಬೆಟ್ಟದ ತೋಪುಗಳನ್ನು ವಶಪಡಿಸಿಕೊಂಡದ್ದರಲ್ಲಿ ಅವರ ಪಾಲು ದೊಡ್ಡದು. ದಿಲ್ಲಿಯ ತೀನ್ ಮೂರ್ತಿ ಸ್ಮಾರಕ ಆ ಸಂಸ್ಥಾನಗಳ ಸೈನಿಕರ ನೆನಪಿನದೂ ಹೌದು. ಅವರ ಶೌರ್ಯವನ್ನು ನಾವು ಭಾಷಣಗಳಲ್ಲಿ ನೆನೆಯುತ್ತೇವೆ. ಆದರೆ ಹೈಫಾದ ಬೀದಿಯಲ್ಲಿ ಕುದುರೆಗೆ ನೀರು ಕೇಳಲು ಬಾರದ ಭಾಷೆಯಲ್ಲಿ ತಡವರಿಸಿದ ಮೈಸೂರು ಸೀಮೆಯ ಸವಾರನನ್ನು ನಮ್ಮ ಕಾದಂಬರಿ ಕಲ್ಪಿಸಿಕೊಳ್ಳಬೇಕಿತ್ತು. ಆ ನೆಲ ಮುಂದೆ ಕಂಡ ನೂರು ವರ್ಷಗಳ ರಕ್ತಪಾತವನ್ನು ಬಲ್ಲ ಇಂದಿನ ಓದುಗನಿಗೆ ಅವನ ಕಥೆಗಿಂತ ತುರ್ತಾದ ಯುದ್ಧಕಥೆ ಇರಲಾರದು.

ವಿಜ್ಞಾನ ಕಥೆಯಾದರೂ ಈ ಕೆಲಸ ಮಾಡೀತೆ? ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ಆ ಪ್ರಕಾರವನ್ನು ಛಲದಿಂದ ಕಟ್ಟಿದರು. ಆದರೆ ನಮ್ಮಲ್ಲಿ ವಿಜ್ಞಾನ ಕಥೆ ಹುಟ್ಟಿದ್ದು ವಿಜ್ಞಾನ ಪ್ರಸಾರದ ಮಡಿಲಲ್ಲಿ. ಬೆರಗು ಹುಟ್ಟಿಸುವುದು, ತಿಳಿವಳಿಕೆ ಕೊಡುವುದು ಅದರ ಮೊದಲ ಧರ್ಮವಾಯಿತು. ಮರಾಠಿಯಲ್ಲೂ ಹಾಗೆಯೇ: ಮುಂಬಯಿಯ ಚೂನಾಭಟ್ಟಿಯಲ್ಲಿ ನೆಲೆಯಿರುವ, 1966ರಲ್ಲಿ ಆರಂಭವಾದ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಯಿಂದ ಜಯಂತ ನಾರ್ಳೀಕರರು ಕಥೆಗಾರರಾಗಿ ಹೊರಬಂದರು. ಅವರು ಬರೆದ, ಗಂಗಾಧರಪಂತರೆಂಬವರ ಕಥೆಯಲ್ಲಿ ಪಾಣಿಪತ್ ಯುದ್ಧವನ್ನು ಮರಾಠರು ಗೆದ್ದಿದ್ದಾರೆ. ಬೊಂಬಾಯಿ ಮಾತ್ರ ಗುತ್ತಿಗೆಯ ಮೇಲೆ ಇಂಗ್ಲಿಷರ ಕೈಯಲ್ಲಿದೆ. ಪುಣೆಯಿಂದ ಹೊರಟ ರೈಲು ಸುರಂಗ ದಾಟಿ ಸರಹದ್ ಎಂಬ ಸ್ಟೇಷನ್ನಿನಲ್ಲಿ ನಿಂತಾಗ ಸಮವಸ್ತ್ರ ತೊಟ್ಟ ಆಂಗ್ಲೋ ಇಂಡಿಯನ್ ಒಬ್ಬ ಪರವಾನಗಿ ನೋಡುತ್ತ ಹೋಗುತ್ತಾನೆ. ಇತಿಹಾಸದ ಕವಲುಗಳ ಬಗ್ಗೆ ಎಷ್ಟೊಂದು ಚಿಂತಿಸುವ ಕಥೆ ಅವನ ಮುಂದೆ ಒಂದು ಗಳಿಗೆಯೂ ನಿಲ್ಲುವುದಿಲ್ಲ. ನನಗೆ ಬೇಕಾದ ಕಥೆ ಅವನದು. ಅರ್ಧ ಈ ನೆಲದವನಾಗಿ, ಇನ್ನೊಬ್ಬರ ಸಮವಸ್ತ್ರದೊಳಗೆ ನಿಂತು, ಈ ನೆಲದವರ ಕಾಗದ ಪರೀಕ್ಷಿಸುವವನಿಗೆ ಆ ದಿನ ಏನನಿಸಿತು?

ಇದನ್ನು ಬರೆಯಲು ಬೇಕಾದ ಗದ್ಯ ಕನ್ನಡದಲ್ಲಿ ಆಗಲೇ ಸಿದ್ಧವಾಗಿದೆ, ಅದೂ ಈ ಮುಂಬಯಿ ನಗರದಲ್ಲೇ. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ರಾಸಾಯನಿಕ ತಂತ್ರಜ್ಞಾನ ಕಲಿತವರು, ಪ್ಲಾಸ್ಟಿಕ್ ಉದ್ಯಮದಲ್ಲಿ ದುಡಿದವರು. ಅವರ ‘ಶಿಕಾರಿ’ (1979) ಯುದ್ಧದ ಕಾದಂಬರಿಯಲ್ಲ. ಆದರೆ ನಾಗನಾಥನ ಸುತ್ತ ಕಟ್ಟಿದ ಆರೋಪಗಳು, ಯಾರು ಹೊರಡಿಸಿದರೆಂದು ತಿಳಿಯದ ಆದೇಶಗಳು, ಸಭ್ಯ ಮಾತಿನೊಳಗೆ ಅಡಗಿದ ಬೆದರಿಕೆ, ಭಯವೇ ಮನುಷ್ಯನನ್ನು ಬೇಟೆಗಾರನನ್ನಾಗಿಯೂ ಬೇಟೆಯನ್ನಾಗಿಯೂ ಮಾಡುವ ರೀತಿ ಇವೆಲ್ಲ ಆಕ್ರಮಿತ ಊರೊಂದರ ಆಡಳಿತವನ್ನು ಬರೆಯಲು ಬೇಕಾದ ಸಲಕರಣೆಗಳೇ. ನಾಳಿನ ಸೈನಿಕ ಕತ್ತಿ ಹಿಡಿದಿರುವುದಿಲ್ಲ. ದೂರದ ಕೋಣೆಯಲ್ಲಿ ಕೂತು ಡ್ರೋನ್ ಹಾರಿಸುತ್ತಿರುತ್ತಾನೆ. ಇಲ್ಲವೇ ನಾಕಾದಲ್ಲಿ ನಿಂತು ಮುಖ ಗುರುತಿಸುವ ಯಂತ್ರದ ಹಸಿರು, ಕೆಂಪು ದೀಪ ನೋಡಿ ಜನರನ್ನು ಬಿಡುತ್ತಲೋ ತಡೆಯುತ್ತಲೋ ಇರುತ್ತಾನೆ. ಅವನ ಕ್ರೌರ್ಯ ಕಚೇರಿಯ ಕ್ರೌರ್ಯ. ಅದನ್ನು ಚಿತ್ತಾಲರಷ್ಟು ಬಲ್ಲ ಕನ್ನಡ ಲೇಖಕರು ಕಡಿಮೆ.

ಮುಂಬಯಿಯ ಮಾಟುಂಗ ಪೇಟೆಯ ಕನ್ನಡಿಗರಿಗೆ ಇನ್ನೊಂದು ಅನುಭವವೂ ಉಂಟು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲಿನ ವರ್ಷಗಳಲ್ಲಿ ದಕ್ಷಿಣದವರು ನೌಕರಿ, ವ್ಯಾಪಾರಗಳನ್ನು ಆಕ್ರಮಿಸಿಕೊಂಡಿದ್ದಾರೆಂಬ ಕೂಗು ಎದ್ದಿತು. ಉಡುಪಿ ಹೋಟೆಲುಗಳಿಗೆ ಕಲ್ಲು ಬಿತ್ತು. ಹೊಟ್ಟೆಪಾಡಿಗೆ ಬಂದು ದೋಸೆ ಹುಯ್ಯುತ್ತಿದ್ದವನು ರಾತ್ರಿ ಬೆಳಗಾಗುವುದರೊಳಗೆ ಆಕ್ರಮಣಕಾರನೆನಿಸಿದ. ದುಡಿಯಲು ಬಂದವನನ್ನು ದಂಡೆತ್ತಿ ಬಂದವನೆಂದು ಕರೆಯುವುದು ಸುಳ್ಳು, ಆ ಸುಳ್ಳು ಎಷ್ಟು ಬೇಗ ಕಲ್ಲಾಗುತ್ತದೆಂದು ಈ ಪೇಟೆಗೆ ಗೊತ್ತು. ದಂಡೆತ್ತಿ ಬಂದವನು ತನ್ನನ್ನು ರಕ್ಷಕನೆಂದು ಕರೆದುಕೊಳ್ಳುವ ಸುಳ್ಳೂ ಅದೇ ಬೇರಿನದು. ಈ ಎರಡೂ ಸುಳ್ಳುಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲ ಕಣ್ಣು ಮುಂಬಯಿ ಕನ್ನಡ ಲೇಖಕನಿಗೆ ಬದುಕಿನಿಂದಲೇ ಬಂದಿದೆ.

ಹಾಗಾಗಿ ಬರಲಿರುವ ಕಥೆಯ ಮುಂದೆ ಮೂರು ಬೇಡಿಕೆಗಳನ್ನಿಡುತ್ತೇನೆ. ಸೈನಿಕನನ್ನು ರಾಕ್ಷಸನನ್ನಾಗಿ ಮಾಡಬೇಡಿ; ರಾಕ್ಷಸನ ಕಥೆಯಿಂದ ಓದುಗ ತಾನು ಅಂಥವನಲ್ಲವೆಂಬ ಸಮಾಧಾನವನ್ನಷ್ಟೇ ಪಡೆಯುತ್ತಾನೆ. ಅವನ ಪಶ್ಚಾತ್ತಾಪಕ್ಕೆ ಕಥೆಯನ್ನು ಒಪ್ಪಿಸಬೇಡಿ. ಅವನ ಕಣ್ಣೀರು ಯಾರ ಲೆಕ್ಕವನ್ನೂ ಚುಕ್ತಾ ಮಾಡುವುದಿಲ್ಲ. ಅವನು ತಡೆದು ನಿಲ್ಲಿಸಿದ ಹೆಂಗಸಿಗೆ ಹೆಸರು, ಊರು, ಸಿಟ್ಟು, ತಿರುಗಿ ಉತ್ತರ ಕೊಡುವ ಬಾಯಿ ಎಲ್ಲವೂ ಇರಲಿ.

ಈ ಮಾತು ಲೇಖಕರಿಗಷ್ಟೇ ಅಲ್ಲ. 1926ರಿಂದ ಕನ್ನಡದ ಕೆಲಸ ನಡೆಸುತ್ತ ಬಂದಿರುವ ಮಾಟುಂಗದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ, ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇವುಗಳಿಗೂ ಸೇರಿದ್ದು. ಮರಾಠಿಯವರು ಒಂದು ಸ್ಪರ್ಧೆಯಿಂದ ಒಬ್ಬ ನಾರ್ಳೀಕರರನ್ನು ಪಡೆದರು. ಭವಿಷ್ಯದ ಕಥೆ, ನಾಟಕಗಳಿಗೆಂದೇ ಒಂದು ಸ್ಪರ್ಧೆಯನ್ನು, ಗೆದ್ದ ನಾಟಕಕ್ಕೆ ಒಂದು ರಂಗಪ್ರಯೋಗವನ್ನು ಇಲ್ಲಿಂದ ಆರಂಭಿಸಿ. ಬರೆಯುವ ಹುಡುಗ ಹುಡುಗಿಯರು ಈ ಊರಿನಲ್ಲೇ ಇದ್ದಾರೆ.