ವೀರಗಲ್ಲಿನ ಹೊರಗೆ ಉಳಿದವರು

ನರಗುಂದ, ನವಲಗುಂದ ಅಂದಕೂಡಲೆ ನಮ್ಮ ಲೇಖಣಿಗೆ ವೀರರಸ ತಾನಾಗಿ ಬಂದುಬಿಡುತ್ತದೆ. ಬರಲಿ, ತಪ್ಪೇನಿಲ್ಲ. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಸರಕಾರ ಹೇರಿದ ಬೆಟರ್‌ಮೆಂಟ್ ಲೆವಿ ಅನ್ಯಾಯದ್ದೇ ಆಗಿತ್ತು. ನೀರಾವರಿಯಿಂದ ಹೊಲದ ಬೆಲೆ ಏರಿದೆ, ಅದಕ್ಕೆ ಕರ ಕಟ್ಟಿ ಅನ್ನೋದು ಅದರ ತರ್ಕ. ಕಾಲುವೆ ನೀರು ಮುಟ್ಟದ ಹೊಲಕ್ಕೂ, ಜೌಗು ಹಿಡಿದು ಕೆಟ್ಟ ಎರೆ ನೆಲಕ್ಕೂ ಇದೇ ತರ್ಕ! ಮೇಲಿಂದ ಹತ್ತಿ ಬೆಲೆ ಬಿದ್ದಿತ್ತು. ಜುಲೈ 21ರಂದು ನರಗುಂದದಲ್ಲಿ ಈರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಅವರನ್ನು ಪೊಲೀಸರ ಗುಂಡು ಕೊಂದಿತು. ಗುಂಪು ಪೊಲೀಸರನ್ನೂ ಕೊಂದಿತು.

ಈ ಹಿಂಸೆಗೆ ಸಮರ್ಥನೆ ಇದೆಯೆ? ಕರ ಕಟ್ಟುವುದಿಲ್ಲ ಅಂದದ್ದಕ್ಕೆ, ಕಚೇರಿ ಬಾಗಿಲಿಗೆ ಅಡ್ಡ ಮಲಗಿದ್ದಕ್ಕೆ ಪೂರ್ತಿ ಇದೆ. ಕೈಗೆ ಸಿಕ್ಕ ಪೊಲೀಸನನ್ನು ಕೊಂದದ್ದಕ್ಕೆ ಇಲ್ಲ. ಲೆವಿಯ ಆಜ್ಞೆ ಬರೆದವನು ಅವನಲ್ಲ, ಬರೆದವರು ಬೆಂಗಳೂರಿನಲ್ಲಿ ಸುಖವಾಗಿದ್ದರು. ‘ರಕ್ತ ಹರಿದ ಮೇಲೇ ಅಲ್ಲವೆ ಸರಕಾರ ಬಗ್ಗಿದ್ದು?’ ಅಂತ ಗೆಳೆಯರು ಕೇಳುತ್ತಾರೆ. ಹೌದು, ಆಮೇಲೆ ಬಗ್ಗಿತು. ಆದರೆ ಸಂವಿಧಾನದ ದಾರಿ ತೆರೆದಿರುವಾಗ ರಕ್ತಪಾತದ ದಾರಿ ಬಿಡಬೇಕು ಅಂತ ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಹೇಳಿದ್ದರು. ಆ ದಾರಿ 1980ರಲ್ಲಿ ಇಕ್ಕಟ್ಟಾಗಿತ್ತು, ಮುಚ್ಚಿರಲಿಲ್ಲ. ಗುಂಡೂರಾವ್ ಸರಕಾರವನ್ನು 1983ರ ಜನವರಿಯಲ್ಲಿ ಇಳಿಸಿದ್ದು ಓಟು.

ಇಲ್ಲಿಗೆ ನಿಲ್ಲಿಸಿದರೆ ಇದು ಯಾರು ಬೇಕಾದರೂ ಬರೆಯಬಹುದಾದ ಲೇಖನ. ನನ್ನ ತಕರಾರು ‘ರೈತ’ ಅನ್ನುವ ಪದದ ಬಗ್ಗೆ. ಲೆವಿ ನೋಟೀಸು ಬರಬೇಕಾದರೆ ಪಹಣಿಯಲ್ಲಿ ಹೆಸರಿರಬೇಕು. ಅದೇ ಹೊಲದಲ್ಲಿ ಹತ್ತಿ ಬಿಡಿಸುವ ಹೊಲಗೇರಿಯ ಹೆಂಗಸಿಗೆ ನೋಟೀಸೂ ಬರಲಿಲ್ಲ, ನೀರೂ ಬರಲಿಲ್ಲ. ಬಂಡಾಯದ ಬರವಣಿಗೆಯಲ್ಲಿ ಆಕೆ ‘ರೈತಾಪಿ ಜನ’ದೊಳಗೆ ಕರಗಿಹೋಗುತ್ತಾಳೆ. ಕೂಲಿಯ ಮಾತು ಬಂದಾಗ ಮಾತ್ರ ಮತ್ತೆ ಬೇರೆಯಾಗುತ್ತಾಳೆ!

ದಲಿತರಿಗೆ ಕರದ ಜಗಳ ಹೊಸದೂ ಅಲ್ಲ. ಮಹಾರ್ ವತನದ ನೆಲದ ಮೇಲೆ ಜೂಡಿ ಏರಿಸಿದಾಗ ಅಂಬೇಡ್ಕರ್ 1939ರಲ್ಲಿ ಹರೇಗಾಂವ್‌ನ ಸಮಾವೇಶದಲ್ಲಿ ಪ್ರತಿಭಟಿಸಿದರು. (ಆಗ ಧಾರವಾಡವೂ ಅದೇ ಮುಂಬಯಿ ಪ್ರಾಂತದಲ್ಲಿತ್ತು.) ಅಲ್ಲಿ ಯಾವ ಕಚೇರಿಗೂ ಬೆಂಕಿ ಬೀಳಲಿಲ್ಲ. ಅದು ಬರೀ ತಾಳ್ಮೆಯಲ್ಲ, ಬದುಕಿನ ಲೆಕ್ಕ. ನಮ್ಮವನೊಬ್ಬ ಕಲ್ಲೆತ್ತಿದರೆ ಸುಡುವುದು ಇಡೀ ಕೇರಿ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟಿನಲ್ಲೂ ಅದೇ. ಆ ಬೆಂಕಿ ಹಚ್ಚಿದ್ದು ಸರಕಾರವಲ್ಲ, ನೆಲವುಳ್ಳ ಊರು.

ಹಾಗಾಗಿ ಹಿಂಸೆಗೆ ಸಮರ್ಥನೆ ಹುಡುಕುವ ವಿಮರ್ಶಕ ಮೊದಲು ಕೇಳಬೇಕಾದ್ದು, ಹಿಂಸೆ ಮಾಡಿಯೂ ಬದುಕಿ ಉಳಿಯುವ ಸವಲತ್ತು ಯಾರಿಗಿದೆ ಅಂತ. ಗಟ್ಟಿ ಜಾತಿಯ ರೈತ ಕಲ್ಲೆತ್ತಿದರೆ ಮಂತ್ರಿ ಮಾತುಕತೆಗೆ ಕರೆಯುತ್ತಾನೆ. ಭೂಹೀನ ಎತ್ತಿದರೆ ಅವನಿಗೆ ನಕ್ಸಲೀಯ ಅನ್ನುವ ಹಣೆಪಟ್ಟಿ.

ಪ್ರತಿ ಜುಲೈ 21ಕ್ಕೆ ವೀರಗಲ್ಲಿಗೆ ಹಾರ ಬೀಳುತ್ತದೆ, ಬೀಳಬೇಕಾದ್ದೆ. ಆದರೆ ಆ ದಿನದ ಭಾಷಣ, ಲೇಖನಗಳ ವ್ಯಾಕರಣವನ್ನು ಸ್ವಲ್ಪ ಗಮನಿಸಿ. ‘ಪೊಲೀಸರು ರೈತರನ್ನು ಕೊಂದರು’ ಅಂತ ಕರ್ತೃವನ್ನು ಹೆಸರಿಸುವ ಬಾಯಿ, ಪೊಲೀಸರ ಸಾವಿನ ಮಾತು ಬಂದಾಗ ‘ಅನಾಹುತ ನಡೆದುಹೋಯಿತು’ ಅನ್ನುತ್ತದೆ. ಕಂಬಾಲಪಲ್ಲಿಯ ತೀರ್ಪು ಬಂದ ಮೇಲೂ ಉಳಿದದ್ದು ಅಂಥದೇ ಕರ್ತೃವಿಲ್ಲದ ವಾಕ್ಯ: ಏಳು ಜನ ಸುಟ್ಟುಹೋದರು.