ಗಿಡದ ತೊಟ್ಟಿ ಫೈಟರ್‌ಗೋ, ನೋಡುವವರಿಗೋ?

ಪುಣೆಯ ಅಕ್ವೇರಿಯಂ ಅಂಗಡಿಗಳಲ್ಲಿ ಉಳಿದ ಮೀನುಗಳಿಗೆ ತೊಟ್ಟಿ, ಫೈಟರ್‌ಗೆ ಮಾತ್ರ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ. ಗಂಡುಗಳೆರಡನ್ನು ಒಟ್ಟಿಗೆ ಬಿಟ್ಟರೆ ರೆಕ್ಕೆ ಹರಿಯುವತನಕ ಕಾದಾಡುತ್ತವೆ, ಹಾಗಾಗಿ ಒಂದೊಂದಕ್ಕೂ ಪ್ರತ್ಯೇಕ ಸೆರೆ. ಮಾರುವವನಿಗೆ ಅದು ನಾಲ್ಕು ದಿನದ ವ್ಯವಸ್ಥೆ. ಆದರೆ ಕೊಂಡವರೂ ಅದೇ ಅಳತೆಯನ್ನು ಟೀಪಾಯಿ ಮೇಲಿನ ಗಾಜಿನ ಬೋಗುಣಿಯಲ್ಲಿ ಮುಂದುವರಿಸುತ್ತಾರೆ. ‘ಇದಕ್ಕಿಷ್ಟು ನೀರು ಸಾಕು, ಗಾಳಿಯನ್ನೇ ಉಸಿರಾಡುತ್ತೆ’ ಎಂಬ ಸಮರ್ಥನೆಯೂ ಜೊತೆಗೆ ಬರುತ್ತದೆ.

ಅದು ಅರ್ಧ ನಿಜ. ಬೆಟ್ಟಾ ಸ್ಪ್ಲೆಂಡೆನ್ಸ್ ಎಂಬ ಈ ಮೀನಿಗೆ ಕಿವಿರುಗಳ ಬಳಿ ಲ್ಯಾಬಿರಿಂತ್ ಎಂಬ ಅಂಗವಿದೆ. ನೀರಿನ ಮೇಲೆ ಬಾಯಿ ತೆರೆದು ಗಾಳಿ ನುಂಗಿ ಅದು ಬದುಕಬಲ್ಲದು. ಆ ಅಂಗ ಆಮ್ಲಜನಕ ಒದಗಿಸುತ್ತದೆಯೇ ಹೊರತು, ಮೀನೇ ಹೊರಹಾಕುವ ಅಮೋನಿಯಾದಿಂದ ಕಿವಿರುಗಳನ್ನು ಕಾಪಾಡುವುದಿಲ್ಲ. ನೀರು ಕಡಿಮೆಯಾದಷ್ಟೂ ಆ ವಿಷ ಬೇಗ ಏರುತ್ತದೆ. ಅದರ ತವರು ಥಾಯ್ಲೆಂಡಿನ ಗದ್ದೆ, ಜೌಗುಗಳಲ್ಲಿ ನೀರು ಮೊಣಕಾಲುದ್ದವೂ ಇರಲಿಕ್ಕಿಲ್ಲ. ಆದರೆ ಹರವು ದೊಡ್ಡದು, ಗಿಡ ದಟ್ಟ. 2019ರಲ್ಲಿ ಥಾಯ್ ಸರ್ಕಾರ ಇದನ್ನು ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ನಮ್ಮಲ್ಲಿ ಅದಕ್ಕೆ ಸಿಕ್ಕಿದ್ದು ಬೋಗುಣಿ.

ಪುಣೆಯ ಚಳಿ ಬೇರೆ. ಡಿಸೆಂಬರ್, ಜನವರಿಯ ಕೆಲವು ರಾತ್ರಿ ಪಾದರಸ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಈ ಮೀನಿಗೆ ಬೇಕಾದ್ದು 24ರಿಂದ 28 ಡಿಗ್ರಿಯ ನೀರು. ಬೋಗುಣಿಯ ನೀರು ಕೋಣೆಯ ಜೊತೆಗೇ ತಣ್ಣಗಾಗುತ್ತದೆ. ಮೀನು ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ತಳದಲ್ಲಿ ಕೂರುತ್ತದೆ. ‘ಯಾಕೋ ಮಂಕಾಗಿದೆ’ ಎಂದು ಮನೆಯವರು ಇನ್ನೆರಡು ಕಾಳು ತಿಂಡಿ ಹಾಕುತ್ತಾರೆ. ತಿನ್ನದೆ ಉಳಿದದ್ದು ಕೊಳೆತು ಮತ್ತಷ್ಟು ಅಮೋನಿಯಾ.

ಹಾಗಾದರೆ ಗಿಡ ನೆಟ್ಟ ತೊಟ್ಟಿಯೇ ಉತ್ತರವೇ? ಹೌದು, ಆದರೆ ಯಾವ ಗಿಡದ ತೊಟ್ಟಿ ಎಂಬುದನ್ನು ಕೇಳಲೇಬೇಕು. ಅಮೆರಿಕದಲ್ಲಿ ಒಂದು ಕಾಲಕ್ಕೆ ಹೂದಾನಿಯ ಬಾಯಿಗೆ ಪೀಸ್ ಲಿಲಿ ಗಿಡ ಸಿಕ್ಕಿಸಿ ಕೆಳಗೆ ಬೆಟ್ಟಾ ಬಿಡುವ ಫ್ಯಾಷನ್ ಇತ್ತು. ಮೀನು ಬೇರು ತಿಂದು ಬದುಕುತ್ತದೆ ಎಂದು ನಂಬಿಸಿ ಮಾರಿದರು. ಹುಳು, ಸೊಳ್ಳೆಮರಿ ತಿನ್ನುವ ಪ್ರಾಣಿಗೆ ಬೇರಿನ ಊಟ! ಗಾಳಿಗೆಂದು ಮೇಲೆ ಬರುವ ದಾರಿಗೂ ಗಿಡ ಅಡ್ಡ.

ಇನ್ನೊಂದು ತುದಿಯಲ್ಲಿ ಜಪಾನಿನ ತಕಾಶಿ ಅಮಾನೊ ಜನಪ್ರಿಯಗೊಳಿಸಿದ ‘ನೇಚರ್ ಅಕ್ವೇರಿಯಂ’ ಶೈಲಿ ಇದೆ. ಕಲ್ಲುಗಳ ಜೋಡಣೆ, ಹುಲ್ಲುಹಾಸಿನಂತೆ ಹಬ್ಬಿದ ಕುಳ್ಳ ಗಿಡ, ಪ್ರಖರ ಬೆಳಕು, ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್, ನೀರು ತಳ್ಳುವ ಬಲವಾದ ಫಿಲ್ಟರ್. ಫೋಟೋಗೆ ಅದ್ಭುತ. ಹಾಫ್‌ಮೂನ್ ತಳಿಯ ಉದ್ದ ರೆಕ್ಕೆಯ ಬೆಟ್ಟಾಗೆ ಮಾತ್ರ ಅದು ದಿನವಿಡೀ ಎದುರುಗಾಳಿಯಲ್ಲಿ ಸೀರೆ ಸಂಭಾಳಿಸುವ ಕಷ್ಟ. ಅಡಗಲು ಮರೆಯಿಲ್ಲ, ಮೇಲ್ಮೈ ಹತ್ತಿರ ಒರಗಲು ಎಲೆಯಿಲ್ಲ. ಇಂಥ ತೊಟ್ಟಿಗೆ ಬಣ್ಣದ ಚುಕ್ಕೆಯಾಗಿ ಫೈಟರ್ ಬಿಡುವವರನ್ನು ಕಲಾವಿದರೆನ್ನಬಹುದು, ಮೀನು ಸಾಕುವವರೆನ್ನಲು ಮನಸ್ಸು ಒಪ್ಪುವುದಿಲ್ಲ.

ಫೈಟರ್‌ಗೆ ಒಗ್ಗುವುದು ಅಮೆರಿಕದ ಡಯಾನಾ ವಾಲ್‌ಸ್ಟಡ್ 1999ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಸರಳ ಕ್ರಮ: ತಳಕ್ಕೆ ತೋಟದ ಮಣ್ಣು, ಮೇಲೆ ಸಣ್ಣ ಜಲ್ಲಿ, ಮೊದಲ ದಿನವೇ ದಟ್ಟವಾಗಿ ಗಿಡ. ಬೆಳೆಯುವ ಗಿಡ ಅಮೋನಿಯಾವನ್ನು ನೇರವಾಗಿ ಗೊಬ್ಬರವಾಗಿ ಹೀರುತ್ತದೆ. ಪುಣೆಯಲ್ಲಿ ಇದಕ್ಕೊಂದು ತಿದ್ದುಪಡಿ ಬೇಕು. ಸುತ್ತಮುತ್ತ ಸುಲಭಕ್ಕೆ ಸಿಗುವ ಎರೆಮಣ್ಣು ಜೇಡಿ ಹೆಚ್ಚಿರುವ ಮಣ್ಣು. ಕದಡಿದರೆ ಬೇಗ ತಿಳಿಯಾಗದು, ಹಲವೆಡೆ ಸುಣ್ಣವೂ ಬೆರೆತಿರುತ್ತದೆ. ರಾಸಾಯನಿಕ ಗೊಬ್ಬರ ಸೇರದ ಕೆಂಪುಮಣ್ಣು ವಾಸಿ. ನೀರಿನಲ್ಲೂ ವ್ಯತ್ಯಾಸವಿದೆ. ಖಡಕ್‌ವಾಸ್ಲಾ ಜಲಾಶಯದಿಂದ ಬರುವ ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಸಾಕು. ಟ್ಯಾಂಕರ್, ಬೋರ್‌ವೆಲ್ ನಂಬಿದ ಹೊಸ ಬಡಾವಣೆಗಳ ಗಡಸು ನೀರಿಗೆ ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾಗಳಂಥ ಗಟ್ಟಿ ಜೀವಗಳೇ ಸೈ.

20 ಲೀಟರಿಗೆ ಕಡಿಮೆಯಿಲ್ಲದ ತೊಟ್ಟಿ, ಮೀನು ಜಿಗಿಯದಂತೆ ಮುಚ್ಚಳ, ಥರ್ಮೋಸ್ಟಾಟ್ ಇರುವ ಹೀಟರ್, ಮೆಲ್ಲಗೆ ಓಡುವ ಸ್ಪಂಜ್ ಫಿಲ್ಟರ್. ಕ್ರಿಪ್ಟೊಕೊರಿನ್ ನೆಟ್ಟ ಎರಡನೇ ವಾರ ಎಲೆಗಳು ಗಾಜಿನಂತೆ ಪಾರದರ್ಶಕವಾಗಿ ಕರಗಿಹೋಗುವುದುಂಟು. ಗಾಬರಿಯಿಂದ ಕಿತ್ತು ಬಿಸಾಡುವವರೇ ಹೆಚ್ಚು. ಬೇರು ಬದುಕಿದ್ದರೆ ಹೊಸ ಎಲೆ ಬರುತ್ತದೆ, ಕಾಯಬೇಕಷ್ಟೆ. ಮೇಲ್ಮೈಗೆ ಸಮೀಪ ಅಗಲ ಎಲೆಯ ಅನುಬಿಯಾಸ್ ಕಟ್ಟಿದರೆ ಮೀನು ರಾತ್ರಿ ಅದರ ಮೇಲೆ ಓರೆಯಾಗಿ ಒರಗಿ ಮಲಗುತ್ತದೆ. ತೇಲುವ ಎಲೆಯ ಕೆಳಗೆ ಗಂಡು ಬಾಯಿಂದ ಗುಳ್ಳೆ ಬಿಟ್ಟು ನೊರೆಗೂಡು ಕಟ್ಟುತ್ತದೆ. ಹೆಣ್ಣಿಲ್ಲದಿದ್ದರೂ ಕಟ್ಟುತ್ತದೆ ಪಾಪ. ರಸ್ತೆ ಬದಿಯ ಕಾಡುಬಾದಾಮಿಯ ಒಣಗಿದ ಕೆಂಪೆಲೆ ತೊಳೆದು ಹಾಕಿದರೆ ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ. ತವರಿನ ನೀರೂ ಹೆಚ್ಚುಕಡಿಮೆ ಅದೇ ಬಣ್ಣದ್ದು. ಆ ಎಲೆಯನ್ನೇ ಪ್ಯಾಕೆಟ್ ಮಾಡಿ ಮಾರುವವರೂ ಇದ್ದಾರೆ.

ಈ ಕ್ರಮದ ದೋಷವೆಂದರೆ ಗಿಡ ಚೆನ್ನಾಗಿ ಬಂದಷ್ಟೂ ಕತ್ತರಿಸಬೇಕು. ಕತ್ತರಿಸಿದ್ದನ್ನು ನಾಲೆಗೋ ಮುಠಾ ನದಿಗೋ ಎಸೆಯುವುದು ಸಲ್ಲ. ಅಮೆರಿಕ ಖಂಡದಿಂದ ಅಲಂಕಾರಕ್ಕೆಂದು ಬಂದ ಅಂತರಗಂಗೆ, ಮರಾಠಿಗರ ಜಲಪರ್ಣಿ, ಬೇಸಿಗೆಯಲ್ಲಿ ಇದೇ ಊರಿನ ನದಿಗಳನ್ನು ಹೊದ್ದು ಮಲಗುತ್ತದೆ. ಅಕ್ವೇರಿಯಂಗೆಂದು ತಂದ ಸಕ್ಕರ್ ಮೀನು ಉಜನಿ ಜಲಾಶಯದ ಬೆಸ್ತರ ಬಲೆ ಹರಿಯುತ್ತಿದೆ. ಕತ್ತರಿಸಿದ ಗಿಡ ಬಿಸಿಲಲ್ಲಿ ಪೂರ್ತಿ ಒಣಗಿ ಬಾಲ್ಕನಿಯ ಕುಂಡ ಸೇರಲಿ.